‘ಳ್ಳಿ’ಯ ನಂತರ ಯಾವ ಊರು?

ಗೆಳೆಯರು ಗುಂಪಾಗಿ ಕುಳಿತು ಸರದಿಯಂತೆ ಊರುಗಳ ಹೆಸರು ಹೇಳುತ್ತಾ ಹೋಗುವ ಆಟಕ್ಕೆ ಹಲಗೆ ಬೇಡ, ಕಾಯಿ ಬೇಡ, ಅಂಗಳವೂ ಬೇಡ. ಬಸ್ಸಿನಲ್ಲಿ, ಶಾಲೆಯ ಜಗಲಿಯಲ್ಲಿ, ಕರೆಂಟು ಹೋದ ಸಂಜೆಯಲ್ಲಿ ಅದನ್ನು ಆಡಬಹುದು. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದರಲ್ಲಿ ವರ್ಣಮಾಲೆಯ ಕ್ರಮವನ್ನೇ ಹಿಡಿದು ಅ ಕಾರದಿಂದ ಒಂದು ಊರು, ಆ ಕಾರದಿಂದ ಒಂದು ಊರು ಎಂದು ಮುಂದುವರಿಯಬೇಕು. ಮಕ್ಕಳು ಕಾಗದದ ಮೇಲೆ ನಾಲ್ಕು ಗೆರೆ ಎಳೆದು ಆಡುವ ‘ಹೆಸರು, ಊರು, ಪ್ರಾಣಿ, ವಸ್ತು’ ಆಟ ಇದರ ಹತ್ತಿರದ ಬಂಧು. ಇನ್ನೊಂದರಲ್ಲಿ ಒಬ್ಬರು ಹೇಳಿದ ಹೆಸರಿನ ಕೊನೆಯ ಅಕ್ಷರವೇ ಮುಂದಿನವರ ಹೆಸರಿನ ಮೊದಲ ಅಕ್ಷರವಾಗಬೇಕು. ಅಂತ್ಯದ ಅಕ್ಷರವನ್ನು ಹಿಡಿದು ಸಾಗುವುದರಿಂದ ಅದು ಹಾಡಿನ ಅಂತ್ಯಾಕ್ಷರಿಯ ಜಾತಿಗೆ ಸೇರಿದ್ದು. ಹೊರನೋಟಕ್ಕೆ ಈ ಎರಡೂ ಒಂದೇ ಆಟದ ಎರಡು ರೂಪಗಳೆಂದು ತೋರಿದರೂ, ಕನ್ನಡದ ಊರುಗಳನ್ನಿಟ್ಟುಕೊಂಡು ಆಡಿದಾಗ ಮೊದಲನೆಯದು ಸರಾಗವಾಗಿ ಸಾಗುತ್ತದೆ, ಎರಡನೆಯದು ನಾಲ್ಕು ಹೆಜ್ಜೆ ಇಡುವುದರೊಳಗೆ ಸಿಕ್ಕಿಬೀಳುತ್ತದೆ. ಈ ಸಿಕ್ಕಿಗೆ ಆಡುವವರ ತಿಳಿವಳಿಕೆಯ ಕೊರತೆ ಕಾರಣವಲ್ಲ. ಅದು ಕನ್ನಡ ಭಾಷೆಯ ಹುಟ್ಟುಗುಣದಿಂದ ಬಂದದ್ದು.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಿಂದ ಆಟ ಆರಂಭವಾಯಿತೆಂದು ಭಾವಿಸಬಹುದು. ಮಾದಿಹಳ್ಳಿ ಒಂದು ಹೋಬಳಿ ಕೇಂದ್ರ. ಹೋಬಳಿ ಎಂದರೆ ಕಂದಾಯದ ಆಡಳಿತಕ್ಕಾಗಿ ಹಲವು ಗ್ರಾಮಗಳನ್ನು ಕೂಡಿಸಿ ಮಾಡಿದ, ತಾಲ್ಲೂಕಿಗಿಂತ ಚಿಕ್ಕದಾದ ಘಟಕ. ಹೆಸರಿನ ಕೊನೆಯಲ್ಲಿ ‘ಳ್ಳಿ’ ಇದೆ, ಆದ್ದರಿಂದ ಮುಂದಿನವರು ಳ ಕಾರದಿಂದ ಊರು ಹೇಳಬೇಕು. ಕನ್ನಡದಲ್ಲಿ ಳ ಕಾರದಿಂದ ಮೊದಲಾಗುವ ಊರು ಒಂದೂ ಇಲ್ಲ. ಊರು ಹಾಗಿರಲಿ, ಪದವೇ ಇಲ್ಲ. ಸುತ್ತಲಿನ ಬೇರೆ ಹೆಸರುಗಳನ್ನು ಪರೀಕ್ಷಿಸಿದರೂ ಪರಿಸ್ಥಿತಿ ಸುಧಾರಿಸುವುದಿಲ್ಲ. ಬೇಲೂರು ಮತ್ತು ಅಡಗೂರು ‘ರು’ವಿನಲ್ಲಿ ನಿಲ್ಲುತ್ತವೆ, ಅರಸೀಕೆರೆ, ಹುಲಿಕೆರೆ, ಹಗರೆ ‘ರೆ’ಯಲ್ಲಿ, ಬಾಣಾವರ ‘ರ’ದಲ್ಲಿ. ಹಳೇಬೀಡು, ಬಿಕ್ಕೋಡು, ಹಲ್ಮಿಡಿಗಳು ಡ ಕಾರದಲ್ಲಿ, ಕಣಕಟ್ಟೆ ಟ ಕಾರದಲ್ಲಿ, ಜಾವಗಲ್ ಲ ಕಾರದಲ್ಲಿ, ಅರೇಹಳ್ಳಿ, ಬಸ್ತಿಹಳ್ಳಿ, ಹಾರನಹಳ್ಳಿಗಳು ಮತ್ತೆ ಅದೇ ಳ ಕಾರದಲ್ಲಿ ನಿಲ್ಲುತ್ತವೆ. ಗಂಡಸಿ ಮತ್ತು ಹಾಸನದಂಥ ಕೆಲವನ್ನು ಬಿಟ್ಟರೆ, ಈ ಸೀಮೆಯ ಹೆಸರಾಂತ ಊರುಗಳೆಲ್ಲ ರ, ಲ, ಳ, ಟ, ಡ ಎಂಬ ಐದು ವ್ಯಂಜನಗಳಲ್ಲೇ ಮುಗಿಯುತ್ತವೆ.

ಈ ಐದು ವ್ಯಂಜನಗಳೇ ಅಚ್ಚಗನ್ನಡ ಪದಗಳ ಮೊದಲಿಗೆ ಬರಲು ಹಿಂಜರಿಯುವಂಥವು. ದ್ರಾವಿಡ ಭಾಷೆಗಳನ್ನು ಹೋಲಿಸಿ ನೋಡಿದ ಭಾಷಾವಿಜ್ಞಾನಿಗಳು, ಈ ಭಾಷೆಗಳ ಮೂಲರೂಪದಲ್ಲಿ ನಾಲಗೆಯ ತುದಿಯನ್ನು ಅಂಗುಳಕ್ಕೆ ಮಡಿಸಿ ಉಚ್ಚರಿಸುವ ಟ, ಡ, ಣ, ಳ ಮುಂತಾದ ಮೂರ್ಧನ್ಯ ಧ್ವನಿಗಳೂ ರ, ಲ ಧ್ವನಿಗಳೂ ಪದದ ಆದಿಯಲ್ಲಿ ಬರುತ್ತಿರಲಿಲ್ಲವೆಂದು ತೋರಿಸಿದ್ದಾರೆ. ಪದದ ನಡುವೆ, ಕೊನೆಯಲ್ಲಿ ಇವು ಧಾರಾಳವಾಗಿ ಬರುತ್ತವೆ. ಊರು, ಕೆರೆ, ಹಳ್ಳಿ, ಕಲ್ಲು, ಕಟ್ಟೆ, ಬೀಡು, ಕಾಡು ಮುಂತಾಗಿ ನೆಲಕ್ಕೆ ಸಂಬಂಧಿಸಿದ ಕನ್ನಡದ ಮೂಲ ಪದಗಳೆಲ್ಲ ಇವುಗಳಿಂದಲೇ ತುಂಬಿವೆ. ಆದರೆ ಮೊದಲ ಸ್ಥಾನ ಇವುಗಳಿಗಿಲ್ಲ. ಸಂಸ್ಕೃತದ ‘ರಾಜ’ ಕನ್ನಡದ ಬಾಯಿಗೆ ಬಂದಾಗ ಮುಂದೊಂದು ಅ ಕಾರವನ್ನು ಸೇರಿಸಿಕೊಂಡು ‘ಅರಸ’ ಆಯಿತೆಂದು, ಅಂದರೆ ಅದು ತದ್ಭವವೆಂದು, ವ್ಯಾಕರಣಕಾರರು ಹೇಳುತ್ತಾರೆ. ತದ್ಭವವೆಂದರೆ ಬೇರೆ ಭಾಷೆಯಿಂದ ಬಂದು ಕನ್ನಡದ ಜಾಯಮಾನಕ್ಕೆ ಹೊಂದಿಕೊಂಡು ರೂಪ ಬದಲಿಸಿದ ಪದ. ಅರಸಿಯ ಕೆರೆಯೆಂಬ ಅರ್ಥದ ಅರಸೀಕೆರೆ ತನ್ನ ಮೊದಲ ಅಕ್ಷರದಲ್ಲೇ ಈ ಹಿಂಜರಿಕೆಯ ಗುರುತನ್ನು ಹೊತ್ತುಕೊಂಡಿದೆ. ಆ ಅ ಕಾರವು ಸೇರದೇ ಇದ್ದಿದ್ದರೆ ಅಂತ್ಯಾಕ್ಷರಿಯ ಆಟಗಾರರಿಗೆ ಬೇಕೇಬೇಕಾದ ರ ಕಾರಕ್ಕೆ ಒಂದು ಒಳ್ಳೆಯ ಊರು ಸಿಗುತ್ತಿತ್ತು.

ಹಾಗಾದರೆ ರ ಕಾರದ ಊರುಗಳೇ ಇಲ್ಲವೇ ಎಂದರೆ, ಇವೆ, ಸಾಕಷ್ಟು ಇವೆ. ಆದರೆ ಅವುಗಳಲ್ಲಿ ಬಹುಪಾಲು ದೇವರ, ದೊರೆಗಳ, ರಾಣಿಯರ ಹೆಸರು ಹೊತ್ತವು. ರಾಮನಗರ, ರಾಮದುರ್ಗ, ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ರಾಣೇಬೆನ್ನೂರು, ರಾಯಬಾಗ ಎಂದು ಎಣಿಸುತ್ತಾ ಹೋದಂತೆ, ನೆಲ, ನೀರು, ಮರಗಳನ್ನು ನೋಡಿ ಒಕ್ಕಲುಮಕ್ಕಳು ಕರೆದ ಹೆಸರುಗಳು ಹಿಂದೆ ಸರಿದು, ಅರಮನೆ ಮತ್ತು ಗುಡಿಗಳ ಕಡೆಯಿಂದ ಬಂದ ಹೆಸರುಗಳು ಮುಂದೆ ಬರುತ್ತವೆ. ಇವುಗಳಲ್ಲಿ ಕೆಲವು ತೀರ ಇತ್ತೀಚಿನವು: ರಾಮನಗರಕ್ಕೆ ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ನೆನಪಿನಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಕೊನೆಯ ಅಕ್ಷರ ಹಿಡಿದು ಆಡುವವರು ತಿಳಿಯದೆಯೇ ಒಂದು ಹೆಜ್ಜೆಯನ್ನು ಕನ್ನಡದ ಹೆಸರಿನಲ್ಲೂ ಮರುಹೆಜ್ಜೆಯನ್ನು ಎರವಲು ಪದದಿಂದ ಮೊದಲಾಗುವ ಹೆಸರಿನಲ್ಲೂ ಇಡುತ್ತಿರುತ್ತಾರೆ.

ಒಂದು ಸರಪಳಿಯನ್ನು ಪೂರ್ತಿ ಆಡಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಳ ಕಾರ ಬಂದಾಗ ಲ ಕಾರ ನಡೆಯುತ್ತದೆಂದು ಗೆಳೆಯರು ಒಪ್ಪಿಕೊಂಡರೆ, ಮಾದಿಹಳ್ಳಿಯಾದ ಮೇಲೆ ಗದಗ ಜಿಲ್ಲೆಯ ಲಕ್ಕುಂಡಿ ಬರಬಹುದು. ಲಕ್ಕುಂಡಿಯ ‘ಡಿ’ಗೆ ಅದೇ ಜಿಲ್ಲೆಯ ಡಂಬಳ, ಶಾಸನಗಳಲ್ಲಿ ಧರ್ಮವೊಳಲ್ ಎಂದಿದ್ದ ಹೆಸರು ಸವೆದು ಡಂಬಳವಾದದ್ದರಿಂದ ಆಟಗಾರರಿಗೆ ಡ ಕಾರದ ಈ ಅಪರೂಪದ ಊರು ದೊರೆಯಿತು. ಡಂಬಳವೂ ಳ ಕಾರದಲ್ಲೇ ಮುಗಿಯುವುದರಿಂದ ಮತ್ತೆ ಲ ಕಾರಕ್ಕೆ ಹೋಗಿ ಲಿಂಗಸುಗೂರು ಎನ್ನಬೇಕು, ಅಲ್ಲಿಂದ ರಾಯಚೂರು, ರಾಯಚೂರಿನಿಂದ ರಾಣೇಬೆನ್ನೂರು, ಅದಾದ ಮೇಲೆ ರಾಮನಗರ. ಇಲ್ಲಿಂದಾಚೆಗೆ ರ ಕಾರದ ಸುಳಿ ಬಿಡುವುದಿಲ್ಲ. ಯಾರಾದರೂ ಜಾಣತನದಿಂದ ರಾಯಬಾಗ ಎಂದು ಹೇಳಿ ಗ ಕಾರಕ್ಕೆ ದಾರಿ ತೆರೆದರೂ, ಗಂಡಸಿ ಎಂದವರಿಗೆ ಎದುರಾಗಿ ಸಕಲೇಶಪುರ ಎಂಬ ಉತ್ತರ ಬಂದು ಆಟ ಮತ್ತೆ ರ ಕಾರದ ಬಾಯಿಗೆ ಬೀಳುತ್ತದೆ. ಊರು, ಪುರ, ಕೆರೆ, ನಗರ ಎಂಬ ನಾಲ್ಕು ಉತ್ತರಪದಗಳೂ ಒಂದೇ ವ್ಯಂಜನದಲ್ಲಿ ಮುಗಿಯುತ್ತವೆ ಎಂಬುದನ್ನು ನೆನೆದರೆ ಈ ಸುಳಿಯ ಆಳ ತಿಳಿಯುತ್ತದೆ. ಉತ್ತರಪದವೆಂದರೆ ಊರಿನ ಹೆಸರಿನ ಎರಡನೆಯ ಭಾಗ. ಅದು ಜಾಗದ ಬಗೆಯನ್ನು ಹೇಳುತ್ತದೆ, ಮೊದಲ ಭಾಗವಾದ ಪೂರ್ವಪದವು ಆ ಬಗೆಯ ಜಾಗಗಳ ನಡುವೆ ಇದು ಯಾವುದೆಂದು ಗುರುತಿಸುತ್ತದೆ.

ಇಂಥ ಇಕ್ಕಟ್ಟು ಬೇರೆ ಭಾಷೆಗಳಲ್ಲೂ ಇದೆ, ಮತ್ತು ಪ್ರತಿಯೊಂದು ಭಾಷೆಯ ಆಟಗಾರರೂ ತಮ್ಮದೇ ಪರಿಹಾರ ಕಂಡುಕೊಂಡಿದ್ದಾರೆ. ರಷ್ಯದಲ್ಲಿ ‘ಗೊರದಾ’, ಅಂದರೆ ನಗರಗಳು, ಎಂಬ ಹೆಸರಿನಲ್ಲಿ ಇದೇ ಆಟ ಪ್ರಚಲಿತವಾಗಿದ್ದು, ಅಲ್ಲಿನ ಲಿಪಿಯಲ್ಲಿ ಮೃದುತ್ವವನ್ನು ಸೂಚಿಸುವ ಚಿಹ್ನೆಯಿಂದ ಯಾವ ಪದವೂ ಆರಂಭವಾಗದ ಕಾರಣ, ಹೆಸರು ಆ ಚಿಹ್ನೆಯಲ್ಲಿ ಮುಗಿದರೆ ಅದರ ಹಿಂದಿನ ಅಕ್ಷರವನ್ನು ತೆಗೆದುಕೊಳ್ಳುತ್ತಾರೆ. ಜಪಾನಿನ ‘ಶಿರಿತೊರಿ’, ಅಂದರೆ ಬಾಲ ಹಿಡಿಯುವ ಆಟ, ಇನ್ನೂ ಕಠಿಣ: ಜಪಾನಿ ಪದಗಳು ‘ನ್’ ಎಂಬ ಅರ್ಧಾಕ್ಷರದಿಂದ ಮೊದಲಾಗುವುದಿಲ್ಲವಾದ್ದರಿಂದ, ಅದರಲ್ಲಿ ಮುಗಿಯುವ ಪದ ಹೇಳಿದವರು ಸೋತಂತೆಯೇ. ಅದೇ ಕಟ್ಟುನಿಟ್ಟನ್ನು ಕನ್ನಡಕ್ಕೆ ತಂದರೆ ಹಳ್ಳಿ ಎಂದವರೆಲ್ಲ ಸೋಲಬೇಕಾಗುತ್ತದೆ, ಮತ್ತು ಹಾಸನ ಜಿಲ್ಲೆಯಲ್ಲಿ ಅಂಥ ನಿಯಮದಡಿ ಆಡುವುದು ನ್ಯಾಯವಲ್ಲ. ರಷ್ಯನ್ನರಂತೆ ಹಿಂದಕ್ಕೆ ಹೋಗಿ ಹಳ್ಳಿಯ ಹ ಕಾರವನ್ನು ಹಿಡಿಯುವುದೇ ಇಲ್ಲಿಗೆ ಒಗ್ಗುವ ಪರಿಹಾರ.

ವರ್ಣಮಾಲೆಯ ಕ್ರಮದಲ್ಲಿ ಆಡುವ ಮೊದಲ ಬಗೆಯಲ್ಲಿ ಈ ತೊಡಕಿಲ್ಲ, ಮತ್ತು ಅದರಲ್ಲಿ ಕನ್ನಡದ ಸ್ವರಗಳು ತಮ್ಮ ಸಿರಿಯನ್ನು ತೋರಿಸುತ್ತವೆ. ಅ ಕಾರಕ್ಕೆ ಅರಸೀಕೆರೆ, ಆ ಕಾರಕ್ಕೆ ಆಲೂರು, ಇ ಕಾರಕ್ಕೆ ಇಳಕಲ್, ಈ ಕಾರಕ್ಕೆ 1942ರ ಚಳವಳಿಯಲ್ಲಿ ಹೆಸರಾದ ಈಸೂರು, ಉ ಕಾರಕ್ಕೆ ಉಡುಪಿ. ಐ ಕಾರಕ್ಕೆ ಐಹೊಳೆಯನ್ನು ಎಲ್ಲರೂ ಹೇಳುತ್ತಾರೆ. ಔ ಕಾರಕ್ಕೆ ಬೀದರ್ ಜಿಲ್ಲೆಯ ಔರಾದ ಗೊತ್ತಿರುವವರು ಗೆಲ್ಲುತ್ತಾರೆ. ನಿಜವಾದ ಜಗಳ ಹುಟ್ಟುವುದು ಎ ಕಾರದಲ್ಲಿ. ಕನ್ನಡದ ಮಾತಿನಲ್ಲಿ ಪದದ ಮೊದಲ ಎ, ಏ ಸ್ವರಗಳ ಮುಂದೆ ತೆಳುವಾದ ಯ ಕಾರವೂ ಒ, ಓ ಸ್ವರಗಳ ಮುಂದೆ ವ ಕಾರವೂ ಸೇರಿಕೊಳ್ಳುತ್ತವೆ. ಆದ್ದರಿಂದ ಒಂದೇ ಊರನ್ನು ಎಡೆಯೂರು ಎಂದೂ ಯಡಿಯೂರು ಎಂದೂ ಬರೆಯುವ ರೂಢಿ ಬೆಳೆದಿದೆ. ಬರಹವನ್ನು ಪ್ರಮಾಣವಾಗಿ ಇಟ್ಟುಕೊಳ್ಳಬೇಕೋ ಉಚ್ಚಾರಣೆಯನ್ನೋ ಎಂಬ ಪ್ರಶ್ನೆಯನ್ನು ಶಾಲಾಮಕ್ಕಳು ಈ ಆಟದಲ್ಲಿ ತಾವಾಗಿಯೇ ಎತ್ತುತ್ತಾರೆ, ಮತ್ತು ಅದು ಸಣ್ಣ ಪ್ರಶ್ನೆಯಲ್ಲ.

ವ್ಯಂಜನಗಳಲ್ಲಿ ಮಹಾಪ್ರಾಣಗಳು, ಅಂದರೆ ಹೆಚ್ಚು ಉಸಿರು ಕೊಟ್ಟು ಉಚ್ಚರಿಸಬೇಕಾದ ಖ, ಘ, ಛ, ಧ, ಭ ಮುಂತಾದವು, ಆಟಗಾರರನ್ನು ಕಾಡುತ್ತವೆ. ಖ ಕಾರಕ್ಕೆ ಖಾನಾಪುರ, ಘ ಕಾರಕ್ಕೆ ಘಟಪ್ರಭಾ, ಛ ಕಾರಕ್ಕೆ ಹುಬ್ಬಳ್ಳಿಯ ಬಳಿಯ ಛಬ್ಬಿ, ಝ ಕಾರಕ್ಕೆ ವಿಜಯಪುರ ಜಿಲ್ಲೆಯ ಝಳಕಿ ಸಿಗುತ್ತವೆ. ಠ ಕಾರಕ್ಕೆ ಮಹಾರಾಷ್ಟ್ರದ ಠಾಣೆಗೂ ಢ ಕಾರಕ್ಕೆ ಬಾಂಗ್ಲಾದೇಶದ ಢಾಕಾಕ್ಕೂ ಹೋಗಬೇಕು. ಅಚ್ಚಗನ್ನಡಕ್ಕೆ ಮಹಾಪ್ರಾಣ ಸಹಜವಲ್ಲವಾದ್ದರಿಂದ ಇಂಥ ಹೆಸರುಗಳು ಹೆಚ್ಚಾಗಿ ಸಂಸ್ಕೃತದಿಂದಲೋ ಹೊರಗಿನ ಇನ್ನಾವುದೋ ಭಾಷೆಯಿಂದಲೋ ಬಂದಿರುತ್ತವೆ, ಕೆಲವು ಸಲ ಹಳೆಯ ಹೆಸರನ್ನು ಪಕ್ಕಕ್ಕೆ ಸರಿಸಿಯೂ ಬಂದಿರುತ್ತವೆ. ಧರ್ಮಸ್ಥಳ ಹಿಂದೆ ಕುಡುಮ, ಭದ್ರಾವತಿ ಹಿಂದೆ ಬೆಂಕಿಪುರ.

ಈ ಆಟದಲ್ಲಿ ಮಾದಿಹಳ್ಳಿಯ ಸುತ್ತಿನವರಿಗೆ ಅತ್ಯಂತ ಸಲೀಸಾಗಿ ಒದಗುವ ಅಕ್ಷರ ಹ ಕಾರ. ಹಾಸನ, ಹಳೇಬೀಡು, ಹಗರೆ, ಹಲ್ಮಿಡಿ, ಹುಲಿಕೆರೆ, ಹಾರನಹಳ್ಳಿ, ಹೊಳೆನರಸೀಪುರ ಎಂದು ಉಸಿರು ಬಿಡದೆ ಹೇಳಬಹುದು. ಇದಕ್ಕೆ ಪ್ರತಿಯಾಗಿ ಪ ಕಾರದ ಸರದಿ ಬಂದಾಗ ಹಳೇಬೀಡಿನ ಮಗ್ಗುಲಲ್ಲಿರುವ ಪುಷ್ಪಗಿರಿಯನ್ನು ಹೇಳಿ, ಮತ್ತೊಂದಕ್ಕೆ ಯೋಚಿಸಬೇಕಾಗುತ್ತದೆ. ಒಂದು ಸಾವಿರ ವರ್ಷದ ಹಿಂದೆ ಇದೇ ಸೀಮೆಯಲ್ಲಿ ಈ ಆಟ ಆಡಿದ್ದರೆ ಸಂಗತಿ ತಿರುವುಮುರುವಾಗಿರುತ್ತಿತ್ತು. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪ ಕಾರವು ಸುಮಾರು 10ನೆಯ ಶತಮಾನದಿಂದ ಆರಂಭಿಸಿ ಕ್ರಮೇಣ ಹ ಕಾರವಾಗಿ ಬದಲಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಬೇಲೂರು ಮತ್ತು ಹಳೇಬೀಡುಗಳಲ್ಲಿ ಆಳಿದ ವಂಶವನ್ನೇ ಶಾಸನಗಳು ಒಮ್ಮೆ ಪೊಯ್ಸಳ, ಇನ್ನೊಮ್ಮೆ ಹೊಯ್ಸಳ ಎಂದು ಬರೆಯುತ್ತವೆ, ಏಕೆಂದರೆ ಬದಲಾವಣೆ ನಡೆಯುತ್ತಿದ್ದ ಕಾಲವೇ ಅವರ ಕಾಲ.

ಈ ಬದಲಾವಣೆಗೆ ಬೇಲೂರು ತಾಲ್ಲೂಕಿನ ನೆಲದಲ್ಲೇ ಒಂದು ಅಪೂರ್ವ ಸಾಕ್ಷ್ಯವಿದೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿಯ ಶಾಸನವನ್ನು ಸುಮಾರು ಕ್ರಿ.ಶ. 450ರದೆಂದು ಗುರುತಿಸಿ, ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಬಹುಕಾಲ ಪರಿಗಣಿಸಲಾಗಿತ್ತು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನಿಗೆ ಎರಡು ಊರುಗಳನ್ನು ದತ್ತಿಯಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಆ ಊರುಗಳ ಹೆಸರನ್ನು ಪಲ್ಮಡಿ, ಮೂಳಿವಳ್ಳಿ ಎಂದು ಓದಲಾಗಿದೆ. ಪಲ್ಮಡಿಯೇ ಇಂದಿನ ಹಲ್ಮಿಡಿ. ಒಂದು ಪುಟ್ಟ ಊರು ಹದಿನೈದು ಶತಮಾನಗಳ ಕಾಲ ತನ್ನ ಹೆಸರನ್ನು ಕಾಪಾಡಿಕೊಂಡು ಬಂದು, ನಡುದಾರಿಯಲ್ಲಿ ಭಾಷೆಯ ಜೊತೆಗೆ ತಾನೂ ಪ ಕಾರವನ್ನು ಬಿಟ್ಟು ಹ ಕಾರಕ್ಕೆ ದಾಟಿದೆ ಎಂಬುದು ಸಾಧಾರಣ ವಿಷಯವಲ್ಲ. ಎರಡನೆಯ ಹೆಸರಿನ ‘ವಳ್ಳಿ’ಯೂ ಗಮನಿಸತಕ್ಕದ್ದು. ಪಳ್ಳಿ ಎಂಬುದು ಇನ್ನೊಂದು ಪದದ ಬೆನ್ನಿಗೆ ಸೇರಿದಾಗ ಅದರ ಪ ಕಾರ ಮೆತ್ತಗಾಗಿ ವ ಕಾರವಾಗುತ್ತದೆ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ, ತರೀಕೆರೆ ಕಡೆಯ ಲಕ್ಕವಳ್ಳಿಯಲ್ಲಿ ಆ ರೂಪ ಇಂದಿಗೂ ಕೇಳಿಬರುತ್ತದೆ.

ಆಟದ ಗುಂಪಿನಲ್ಲಿ ಕರಾವಳಿಯ ಗೆಳೆಯರಿದ್ದರೆ ಪ ಕಾರದಲ್ಲಿ ಅವರನ್ನು ಸೋಲಿಸುವುದು ಕಷ್ಟ. ತುಳುವಿನಲ್ಲಿ ಪ ಕಾರ ಹ ಕಾರವಾಗದೆ ಉಳಿದದ್ದರಿಂದ ಪುತ್ತೂರು, ಪಣಂಬೂರು, ಪೊಳಲಿ, ಪೆರ್ಡೂರು, ಕಾಸರಗೋಡಿನ ಪೆರ್ಲ, ಪೈವಳಿಕೆ ಎಂದು ಅವರ ಪಟ್ಟಿ ಸಾಗುತ್ತದೆ. ಕಾರ್ಕಳದ ಕಡೆ ಪಳ್ಳಿ ಎಂಬ ಹೆಸರಿನ ಊರೇ ಇದೆ. ಬಯಲುಸೀಮೆಯ ಹುಡುಗ ಹಳ್ಳಿ ಎಂದದ್ದಕ್ಕೆ ಘಟ್ಟದ ಕೆಳಗಿನ ಹುಡುಗಿ ಪಳ್ಳಿ ಎಂದರೆ, ಇಬ್ಬರೂ ಒಂದೇ ಪದವನ್ನು ಎರಡು ಕಾಲಗಳಿಂದ ಎತ್ತಿ ಹೇಳಿದಂತಾಗುತ್ತದೆ.

ಬ ಕಾರದ ಸಮೃದ್ಧಿಯ ಹಿಂದೆಯೂ ಇಂಥದೇ ಕಾರಣವಿದೆ. ತಮಿಳಿನಲ್ಲಿ ವೇರು, ವೆಳ್ಳಿ ಎಂದಿರುವಲ್ಲಿ ಕನ್ನಡದಲ್ಲಿ ಬೇರು, ಬೆಳ್ಳಿ. ಪದಾದಿಯ ಹಳೆಯ ವ ಕಾರ ಕನ್ನಡದಲ್ಲಿ ಬ ಕಾರವಾಗಿದೆ. ಹೀಗಾಗಿ ಬೆಂಗಳೂರು, ಬಳ್ಳಾರಿ, ಬೆಳಗಾವಿ, ಬಾದಾಮಿ, ಬಾಣಾವರ, ಬಿಕ್ಕೋಡು, ಬೆಳವಾಡಿಗಳಿಂದ ಬ ಕಾರದ ಕಣಜ ತುಂಬಿದೆ, ವ ಕಾರದ ಗೂಡು ಬಹುಮಟ್ಟಿಗೆ ಖಾಲಿ. ಬೇಲೂರನ್ನೇ ಸಂಸ್ಕೃತದ ಒಲವಿರುವ ಬರಹಗಳು ವೇಲಾಪುರ ಎಂದು ಕರೆಯುತ್ತವೆ. ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಊರು ಆಟದಲ್ಲಿ ಬ ಕಾರಕ್ಕೂ ವ ಕಾರಕ್ಕೂ ಒದಗಬಲ್ಲದು, ಗೆಳೆಯರು ಹಳೆಯ ಹೆಸರುಗಳನ್ನು ಒಪ್ಪುವುದಾದರೆ.

ಹಳೆಯ ಹೆಸರುಗಳನ್ನು ಒಪ್ಪಬೇಕೇ ಎಂಬುದು ಆಟದ ನಿಯಮಗಳಲ್ಲಿ ಅತ್ಯಂತ ಸ್ವಾರಸ್ಯದ ಪ್ರಶ್ನೆ. ಒಪ್ಪಿದರೆ ಹಳೇಬೀಡು ದ ಕಾರಕ್ಕೆ ದೋರಸಮುದ್ರವಾಗಿಯೂ ಬರುತ್ತದೆ. ಇಲ್ಲಿ ಸಮುದ್ರವೆಂದರೆ ಕಡಲಲ್ಲ, ದೊಡ್ಡ ಕೆರೆ. ಕರ್ನಾಟಕದ ಒಳನಾಡಿನಲ್ಲಿ ಸಮುದ್ರ ಎಂದು ಮುಗಿಯುವ ಊರುಗಳ ಹೆಸರಿನಲ್ಲಿ ಸಾಮಾನ್ಯವಾಗಿ ಇದೇ ಅರ್ಥವಿರುತ್ತದೆ. 1311ರಲ್ಲಿ ಮಲ್ಲಿಕ್ ಕಾಫೂರನ ದಂಡು ಬಂದ ನಂತರದ ದಶಕಗಳಲ್ಲಿ ರಾಜಧಾನಿಯ ವೈಭವ ಅಳಿದು, ಜನರ ಬಾಯಲ್ಲಿ ಅದು ಹಳೆಯ ಬೀಡು, ಅಂದರೆ ಹಿಂದೆ ಅರಸರ ನೆಲೆಯಾಗಿದ್ದ ಜಾಗ, ಎಂದಷ್ಟೇ ಉಳಿಯಿತು. 2023ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಪಟ್ಟಿಗೆ ಹೊಯ್ಸಳ ದೇಗುಲಗಳನ್ನು ಸೇರಿಸಿಕೊಂಡಾಗ ಬರೆದುಕೊಂಡದ್ದೂ ಜನರ ಬಾಯಿಯ ಆ ಹೆಸರನ್ನೇ. ಹೊಯ್ಸಳರ ಮೂಲನೆಲೆಯೆಂದು ಹೇಳುವ ಸೊಸೆವೂರು ಇಂದು ಮೂಡಿಗೆರೆ ತಾಲ್ಲೂಕಿನ ಅಂಗಡಿ. ಹೀಗೆ ಹಲವು ಅಕ್ಷರಗಳಿಗೆ ಒದಗುವ ಇನ್ನೊಂದು ಊರೆಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ; ಹಳಗನ್ನಡದಲ್ಲಿ ಅದು ಪುಲಿಗೆರೆ, ಅನಂತರ ಹುಲಿಗೆರೆ, ಈಗ ಲಕ್ಷ್ಮೇಶ್ವರ, ಹೀಗೆ ಪ, ಹ, ಲ ಎಂಬ ಮೂರು ಸರದಿಗಳಲ್ಲೂ ಹೇಳಬಹುದು. ಹಳೇಬೀಡಿನ ಬಳಿಯ ಹುಲಿಕೆರೆ, ಮೆಟ್ಟಿಲುಗಳ ಸೊಗಸಾದ ಕೊಳವಿರುವ ಊರು, ಆ ಪ್ರಸಿದ್ಧ ಊರಿನ ಹೆಸರಿನ ಒಡಹುಟ್ಟು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರನ್ನು ಅಧಿಕೃತವಾಗಿ ಕನ್ನಡದ ಉಚ್ಚಾರಣೆಗೆ ತಂದಾಗಲೂ, ಗುಲ್ಬರ್ಗವು ಕಲಬುರಗಿಯಾಗಿ ಗ ಕಾರದಿಂದ ಕ ಕಾರಕ್ಕೆ, ಬಿಜಾಪುರವು ವಿಜಯಪುರವಾಗಿ ಬ ಕಾರದಿಂದ ವ ಕಾರಕ್ಕೆ ಹೋದವು.

ಊರಿನ ಹೆಸರುಗಳನ್ನು ಹೀಗೆ ಬಿಡಿಸಿ ನೋಡುವ ವಿದ್ಯೆಗೆ ಸ್ಥಳನಾಮ ಅಧ್ಯಯನವೆಂದು ಹೆಸರು. ಕನ್ನಡದಲ್ಲಿ ಆ ದಾರಿಯನ್ನು ತುಳಿದವರಲ್ಲಿ ಮುಂಚೂಣಿಯವರು ಶಂಬಾ ಜೋಶಿ. ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಅವರ ಪುಸ್ತಕದ ಹೆಸರೇ ಜಾಗಗಳಿಗೆ ಮಾತು ಬರುತ್ತದೆ ಎಂಬ ಅವರ ನಂಬಿಕೆಯನ್ನು ತಿಳಿಸುತ್ತದೆ. ಈ ವಿದ್ಯೆಗೆ ಬೇಕಾದ ಕಚ್ಚಾ ಸಾಮಗ್ರಿ ಶಾಸನಗಳಲ್ಲಿದೆ, ಹಾಸನ ಜಿಲ್ಲೆಯ ಮಟ್ಟಿಗೆ ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 5ನೆಯ ಸಂಪುಟದಲ್ಲಿ ಅವುಗಳನ್ನು ಒಟ್ಟುಮಾಡಿಕೊಟ್ಟರು. ಶಾಸನದ ಆಧಾರವಿಲ್ಲದೆ ಹೆಸರಿನ ಈಗಿನ ರೂಪವನ್ನಷ್ಟೇ ನೋಡಿ ಕಥೆ ಕಟ್ಟುವ ಅಪಾಯ ಎಷ್ಟೆಂಬುದಕ್ಕೆ ಬೆಂಗಳೂರು ಒಳ್ಳೆಯ ಉದಾಹರಣೆ: ಬೆಂದ ಕಾಳಿನ ಕಥೆಯನ್ನು ಹೊಯ್ಸಳ ದೊರೆಯೊಬ್ಬನಿಗೆ ಅಂಟಿಸಿ ಹೇಳುವುದುಂಟು, ಆದರೆ ಹೊಯ್ಸಳರು ಪ್ರಬಲರಾಗುವ ಮೊದಲೇ, 9ನೆಯ ಶತಮಾನದ ಹೊತ್ತಿಗೆ, ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರು ಬಂದಾಗಿತ್ತು.

ಆಟ ಆಡುವವರ ಮುಂದೆ ಕೊನೆಗೆ ಉಳಿಯುವ ತಕರಾರು, ಯಾವುದನ್ನು ಊರೆಂದು ಎಣಿಸಬೇಕು ಎಂಬುದು. ನಗರಗಳಷ್ಟೇ ಸಾಕೆಂದರೆ ಆಟ ಬೇಗ ಮುಗಿಯುತ್ತದೆ. ಹಳ್ಳಿಗಳನ್ನೂ ಸೇರಿಸಿಕೊಂಡರೆ ಕಣಜಕ್ಕೆ ತಳವಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 29,340 ಗ್ರಾಮಗಳಿದ್ದು, ಅವುಗಳಲ್ಲಿ ಜನವಸತಿ ಇದ್ದವು 27,397. ಉಳಿದ ಸುಮಾರು ಎರಡು ಸಾವಿರ ಗ್ರಾಮಗಳಿಗೆ ಕಂದಾಯದ ದಾಖಲೆಯಲ್ಲಿ ಹೆಸರಿದೆ, ಗಡಿಯಿದೆ, ಮನೆಯಿಲ್ಲ. ಇಂಥವನ್ನು ಬೇಚಿರಾಕ್ ಗ್ರಾಮಗಳೆಂದು ಕರೆಯುತ್ತಾರೆ. ದೀಪವಿಲ್ಲದ್ದು ಎಂಬ ಅರ್ಥದ ಪಾರಸಿ ಮಾತು ಅದು. ಬರ, ಪ್ಲೇಗು, ದಂಡಿನ ಹಾವಳಿ, ಕೆರೆ ಒಡೆದದ್ದು ಹೀಗೆ ನಾನಾ ಕಾರಣಗಳಿಂದ ಜನ ಎದ್ದುಹೋದ ಮೇಲೂ ಪಕ್ಕದೂರಿನವರು ಹೊಲದ ಗುರುತಿಗಾಗಿ ಆ ಹೆಸರುಗಳನ್ನು ಬಳಸುತ್ತಲೇ ಇರುತ್ತಾರೆ. ಅಂಥ ಹೆಸರೊಂದನ್ನು ಯಾರಾದರೂ ಹೇಳಿದಾಗ, ಅದು ಊರಲ್ಲವೆಂದು ತಳ್ಳಿಹಾಕುವುದಕ್ಕಿಂತ ಒಪ್ಪಿಕೊಂಡು ಮುಂದಿನವರಿಗೆ ಸರದಿ ಬಿಡುವುದು ಲೇಸು. ಅದೂ ‘ಳ್ಳಿ’ಯಲ್ಲೇ ಮುಗಿದಿದ್ದರೆ, ಹ ಕಾರದಿಂದ.